ಕಲ್ಲಿಕೋಟೆಯಲ್ಲಿ ಮೂರು ದಿನ

ಹ. ಉಮರ್(ರ)ರ ಕಾಲದ ಒಂದು ಘಟನೆಯನ್ನು ಮದ್ರಸದಲ್ಲಿ ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಒಬ್ಬ ವ್ಯಕ್ತಿ ಒಳ್ಳೆಯವನೆಂದು ಹೇಳಲು ಇನ್ನೊಬ್ಬ ಮುಂದೆ ಬಂದ. ನೀನು ಅವನ ನೆರೆಯವನೇ, ಅವನೊಡನೆ ಹಣದ ವ್ಯವಹಾರ ಮಾಡಿದ್ದೀಯಾ, ಅವನ ಜೊತೆ ಪ್ರಯಾಣ ಮಾಡಿದ್ದೀಯಾ ಎಂದು ಖಲೀಫರು ಒಂದೊಂದಾಗಿ ಕೇಳಿದರು. ಮೂರಕ್ಕೂ ಇಲ್ಲ ಎಂಬ ಉತ್ತರ ಬಂದಾಗ, ಹಾಗಾದರೆ ನಿನಗೆ ಅವನ ಪರಿಚಯವೇ ಇಲ್ಲ ಎಂದುಬಿಟ್ಟರು.

ಕಳೆದ ವರ್ಷ ಈ ಪಾಠ ಮುಗಿದಾಗ ಐದನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್, ನೀವು ಯಾರ ಜೊತೆ ಪ್ರಯಾಣ ಮಾಡಿದ್ದೀರಿ?"

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಪ್ರಶ್ನೆ ನನ್ನ ಹಿಂದೆಯೇ ಬಂತು. ಉಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ, ಮಕ್ಕಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೇನೆ, ಸಂಬಂಧಿಕರ ಜೊತೆ ಮದುವೆಗಳಿಗೆ ಹೋಗಿದ್ದೇನೆ. ಆದರೆ ಇಪ್ಪತ್ತನಾಲ್ಕು ವರ್ಷ ಬಾಳಿದ ಗಂಡನ ಜೊತೆ? ನಾವಿಬ್ಬರು ಒಟ್ಟಿಗೆ ಮಾಡಿದ ಪ್ರಯಾಣವೆಂದರೆ ಬಜ್ಪೆ ವಿಮಾನ ನಿಲ್ದಾಣಕ್ಕೆ ಮಾತ್ರ. ಹೋಗುವಾಗ ಇಬ್ಬರು, ಬರುವಾಗ ನಾನೊಬ್ಬಳೇ.

ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಇವರು ದಮ್ಮಾಮ್‌ಗೆ ಹೋದರು. 19 ವರ್ಷ ಅಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಲೆಕ್ಕ ಹಾಕಿದರೆ ಆ 19 ವರ್ಷಗಳಲ್ಲಿ ನಾವು ಒಟ್ಟಿಗಿದ್ದದ್ದು ಎರಡು ವರ್ಷವೂ ಆಗಲಿಕ್ಕಿಲ್ಲ. ನಾಲ್ಕು ವರ್ಷದ ಹಿಂದೆ ಊರಿಗೆ ಮರಳಿ ಸಣ್ಣ ಅಂಗಡಿ ಹಾಕಿದರು. ಮಗಳ ಮದುವೆಯಾಯಿತು, ಮಗ ಕಲಿಯಲು ಹಾಸ್ಟೆಲ್ ಸೇರಿದ. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಆಗ ತಿಳಿಯಿತು, ನಮ್ಮ ನಡುವೆ ಇದ್ದ ಮಾತುಗಳೆಲ್ಲ ಮಕ್ಕಳ ಮಾತುಗಳೇ ಆಗಿದ್ದವೆಂದು. ಊಟಕ್ಕೆ ಕುಳಿತರೆ ತಟ್ಟೆಯ ಸದ್ದು ಮಾತ್ರ. ನಾನು ಹೇಳಿದ್ದು ಅವರಿಗೆ ಆದೇಶದಂತೆ ಕೇಳುತ್ತಿತ್ತು, ಅವರು ಹೇಳಿದ್ದು ನನಗೆ ಆಕ್ಷೇಪದಂತೆ ಕೇಳುತ್ತಿತ್ತು.

ಮಗಳು ಮನೆಗೆ ಬಂದಾಗ ಇದನ್ನು ಗಮನಿಸಿರಬೇಕು. "ಉಮ್ಮಾ, ನೀವಿಬ್ಬರೂ ಎಲ್ಲಿಗಾದರೂ ಹೋಗಿ ಬನ್ನಿ" ಎಂದು ಪಟ್ಟು ಹಿಡಿದು ಅವಳೇ ಕಲ್ಲಿಕೋಟೆಗೆ ರೈಲು ಟಿಕೆಟ್ ಮಾಡಿಸಿದಳು. ಸುದ್ದಿ ತಿಳಿದ ನೆರೆಮನೆಯಾಕೆ, "ಈ ಪ್ರಾಯದಲ್ಲಿ ಹನಿಮೂನಾ?" ಎಂದು ಕೇಳಿದರು. ನಾಚಿಕೆಯಾಗಿ, "ಅಲ್ಲ, ಇವರಿಗೆ ಅಂಗಡಿಗೆ ಸಾಮಾನು ನೋಡಲಿಕ್ಕಿದೆ" ಎಂದೆ. ಅಲ್ಲಾಹನು ಕ್ಷಮಿಸಲಿ, ಅದು ಸುಳ್ಳಾಗಿತ್ತು.

ಡಿಸೆಂಬರ್‌ನ ಒಂದು ಬೆಳಿಗ್ಗೆ ಮಂಗಳೂರಿನಿಂದ ಹೊರಟೆವು. ನೇತ್ರಾವತಿ ದಾಟುವಾಗ ಇಬ್ಬರೂ ಪ್ರಯಾಣದ ದುಆ ಓದಿದೆವು. ಅನಂತರ ಕಾಸರಗೋಡು, ಕಣ್ಣೂರು, ತಲಶ್ಶೇರಿ ದಾಟುವವರೆಗೂ ಇಬ್ಬರೂ ಕಿಟಕಿಯ ಹೊರಗೇ ನೋಡುತ್ತಿದ್ದೆವು. ಸುಮಾರು 220 ಕಿ.ಮೀ. ದಾರಿಯಲ್ಲಿ ನಾವು ಆಡಿದ್ದು ಹತ್ತು ಮಾತು ಇರಬಹುದು.

ಕಲ್ಲಿಕೋಟೆಯ ಹಳೆಯ ಭಾಗ ದೊಡ್ಡದಲ್ಲ. ರೈಲು ನಿಲ್ದಾಣ, ಮಾನಾಂಚಿರ ಕೆರೆ, ಮಿಠಾಯಿ ತೆರುವು, ಕುಟ್ಟಿಚ್ಚಿರ, ಕಡಲ ತೀರ, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಆಟೋಗೆ ಯಾಕೆ ದುಡ್ಡು ಕೊಡುವುದು, ನಡೆಯೋಣ ಎಂದರು ಇವರು. ಲಾಡ್ಜಿನಲ್ಲಿ ಚೀಲವಿಟ್ಟು, ಝುಹರ್ ಮತ್ತು ಅಸರ್ ನಮಾಝ್‌ಗಳನ್ನು ಇವರು ಜಮ್ಅ್ ಮಾಡಿ ಮುಗಿಸಿದ ಮೇಲೆ ಹೊರಟೆವು. ನನಗೆ ಆ ದಿನಗಳಲ್ಲಿ ನಮಾಝ್ ಇರಲಿಲ್ಲ.

ಮಿಠಾಯಿ ತೆರುವು ಎಂದರೆ ಮಿಠಾಯಿ ಬೀದಿ. ಇಂಗ್ಲಿಷಿನಲ್ಲಿ ಎಸ್.ಎಂ. ಸ್ಟ್ರೀಟ್. ಬೀದಿ ಆರಂಭವಾಗುವಲ್ಲಿ ಎಸ್.ಕೆ. ಪೊಟ್ಟೆಕ್ಕಾಟರ ಪ್ರತಿಮೆ ಇದೆ. ಅವರು ಈ ಬೀದಿಯನ್ನೇ ಆಧರಿಸಿ ಕಾದಂಬರಿ ಬರೆದವರು, ಆಫ್ರಿಕಾ, ಯುರೋಪ್‌ಗಳನ್ನು ಸುತ್ತಿ ಪ್ರವಾಸ ಕಥನಗಳನ್ನು ಬರೆದವರು, 1980ರ ಜ್ಞಾನಪೀಠ ಪಡೆದವರು. 2023ರಲ್ಲಿ ಯುನೆಸ್ಕೊ ಈ ನಗರವನ್ನು ಸಾಹಿತ್ಯ ನಗರವೆಂದು ಗುರುತಿಸಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ ಇದು. ಪ್ರತಿಮೆಯ ಮುಂದೆ ನಿಂತು ಇದನ್ನೆಲ್ಲ ಹೇಳಬೇಕೆಂದು ತಿರುಗಿದರೆ ಇವರು ಆಗಲೇ ಹತ್ತು ಅಂಗಡಿ ಮುಂದೆ ಹೋಗಿದ್ದರು.

ಇವರ ನಡಿಗೆ ಬಿರುಸು. ನನಗೆ ಮಂಡಿ ನೋವು. ಜೊತೆಗೆ ಅಂಗಡಿಗಳ ಆಕರ್ಷಣೆ ಬೇರೆ. ಗಾಜಿನ ಹಿಂದೆ ಕೆಂಪು, ಹಸಿರು, ಕಪ್ಪು ಬಣ್ಣದ ಹಲ್ವಾದ ಗಟ್ಟಿಗಳನ್ನು ಇಟ್ಟಿಗೆಗಳಂತೆ ಪೇರಿಸಿಟ್ಟಿದ್ದರು. ತೆಂಗಿನೆಣ್ಣೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸಿನ ಪರಿಮಳ ಬೀದಿಯುದ್ದಕ್ಕೂ ಇತ್ತು. ಒಂದು ಅಂಗಡಿಯಾತ ರುಚಿ ನೋಡಲು ಎಳನೀರಿನ ಹಲ್ವಾದ ತುಂಡು ಕೊಟ್ಟ. ನಮ್ಮ ಬ್ಯಾರಿ ಮಾತಿನಲ್ಲೇ ಬೆಲೆ ಕೇಳಿದೆ, ಆತನಿಗೆ ಅರ್ಥವಾಯಿತು. ಖುಷಿಯಿಂದ ತಿರುಗಿ ನೋಡಿದಾಗ ಇವರು ಇರಲಿಲ್ಲ.

ನನ್ನ ಫೋನು ಲಾಡ್ಜಿನಲ್ಲಿ ಚಾರ್ಜಿಗಿಟ್ಟಿದ್ದೆ. ಆ ಜನಜಂಗುಳಿಯಲ್ಲಿ ಎಲ್ಲಿ ಹುಡುಕಲಿ? ಆ ಅಂಗಡಿಯ ಮೆಟ್ಟಿಲಲ್ಲೇ ನಿಂತೆ. ಮೊದಲು ಹೆದರಿಕೆಯಾಯಿತು, ಅನಂತರ ಸಿಟ್ಟು ಬಂತು. ಜೀವನವಿಡೀ ನಾನು ಕಾಯುವುದೇ ಆಯಿತಲ್ಲ ಎಂದು ಕಣ್ಣು ತುಂಬಿತು. ಇಪ್ಪತ್ತು ನಿಮಿಷದ ಮೇಲೆ ಇವರು ಬೆವರಿಳಿಸುತ್ತಾ ಬಂದರು. ಗದರುತ್ತಾರೆ ಎಂದುಕೊಂಡೆ. ನಾನೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆದರೆ ಇವರು ಮೆಟ್ಟಿಲಲ್ಲಿ ಕುಳಿತು, "ತಪ್ಪು ನನ್ನದೇ. ಅಲ್ಲಿ ಅಷ್ಟು ವರ್ಷ ಒಬ್ಬನೇ ನಡೆದು ಅಭ್ಯಾಸವಾಗಿದೆ. ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ನೋಡುವುದೇ ಮರೆತುಹೋಗಿದೆ" ಎಂದರು.

ನಾನು ಸಿದ್ಧ ಮಾಡಿದ್ದ ಉತ್ತರ ನನ್ನಲ್ಲೇ ಉಳಿಯಿತು. ಕಾದವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಒಬ್ಬನೇ ನಡೆದವನ ಕಷ್ಟವನ್ನು ನಾನು ಯೋಚಿಸಿಯೇ ಇರಲಿಲ್ಲ.

ಎರಡನೆಯ ದಿನ ವಲಿಯಂಗಾಡಿಯ ಅಕ್ಕಿ ಮಂಡಿಗಳು, ಗೋಣಿಚೀಲ ಹೊತ್ತ ಕೂಲಿಗಳು, ಮೆಣಸು, ಏಲಕ್ಕಿಯ ವಾಸನೆಯ ನಡುವೆ ನಡೆದು ಕುಟ್ಟಿಚ್ಚಿರಕ್ಕೆ ಹೋದೆವು. ಇವರು ಈಗ ನಿಧಾನಕ್ಕೆ ನಡೆಯುತ್ತಿದ್ದರು. ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವಳು, ದಾರಿಯುದ್ದಕ್ಕೂ ಹೇಳುತ್ತಾ ಹೋದೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತಾ ನಮ್ಮ ಮಂಗಳೂರನ್ನು ನೋಡಿಕೊಂಡು ಇಲ್ಲಿಗೆ ಬಂದದ್ದು, ಇಲ್ಲಿನ ಬಂದರಿನಲ್ಲಿ 13 ಚೀನೀ ಹಡಗುಗಳನ್ನು ಕಂಡದ್ದು. ಮುಚ್ಚುಂದಿ ಮಸೀದಿಯಲ್ಲಿ ಅರಬಿ ಮತ್ತು ಹಳೆಯ ಮಲಯಾಳದಲ್ಲಿ ಕೆತ್ತಿದ ಶಿಲಾಶಾಸನ ಇರುವುದು, ಆ ಮಸೀದಿಯ ಖರ್ಚಿಗೆ ಹಿಂದೂ ರಾಜ ದತ್ತಿ ಬಿಟ್ಟದ್ದು ಅದರಲ್ಲಿ ದಾಖಲಾಗಿರುವುದು. ಇವರು, "ಇದೆಲ್ಲ ನಿನಗೆ ಹೇಗೆ ಗೊತ್ತು?" ಎಂದು ಕೇಳಿದರು. ನಾನು ಬಿ.ಎ. ಪರೀಕ್ಷೆ ಬರೆದದ್ದು ಅವರಿಗೆ ಗೊತ್ತಿತ್ತು, ಫೀಸು ಕಳುಹಿಸಿದವರೂ ಅವರೇ. ಆದರೆ ನಾನು ಓದಿದ್ದು ಏನೆಂದು ಅವರು ಕೇಳಿದ್ದು ಅದೇ ಮೊದಲು.

ಕುಟ್ಟಿಚ್ಚಿರದ ದೊಡ್ಡ ಕೆರೆಯ ಪಕ್ಕದಲ್ಲಿ ಮಿಶ್ಕಾಲ್ ಮಸೀದಿ ಇದೆ. ಗುಮ್ಮಟವಿಲ್ಲ, ಮಿನಾರವಿಲ್ಲ. ಹೆಂಚಿನ ಮಾಡುಗಳು ಒಂದರ ಮೇಲೊಂದು ಏರಿದ, ಮರದ ಕೆಲಸದ ಹಳೆಯ ಕಟ್ಟಡ. ನಾಖುದಾ ಮಿಶ್ಕಾಲ್ ಎಂಬ ಅರಬ್ ಹಡಗು ವ್ಯಾಪಾರಿ 14ನೆಯ ಶತಮಾನದಲ್ಲಿ ಕಟ್ಟಿಸಿದ್ದು. 1510ರಲ್ಲಿ ಪೋರ್ಚುಗೀಸರು ನಗರದ ಮೇಲೆ ದಾಳಿ ಮಾಡಿದಾಗ ಇದಕ್ಕೆ ಬೆಂಕಿ ಹಚ್ಚಿದರು. ಅಂದು ಈ ಮಸೀದಿಗಾಗಿ, ನಗರಕ್ಕಾಗಿ ಸಾಮೂದಿರಿ ರಾಜನ ನಾಯರ್ ಸೈನಿಕರೂ ಮುಸ್ಲಿಮರೂ ಜೊತೆಯಾಗಿ ಹೋರಾಡಿದರು. 1571ರಲ್ಲಿ ಸಾಮೂದಿರಿಯ ಪಡೆ ಚಾಲಿಯಂನಲ್ಲಿದ್ದ ಪೋರ್ಚುಗೀಸ್ ಕೋಟೆಯನ್ನು ಗೆದ್ದಾಗ, ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಆ ಗೆಲುವನ್ನು ಅರಬಿಯಲ್ಲಿ ಕಾವ್ಯವಾಗಿ ಬರೆದು ಹಿಂದೂ ರಾಜನನ್ನು ಹೊಗಳಿದರು. 1607ರಲ್ಲಿ ಮುಹ್ಯಿದ್ದೀನ್ ಮಾಲೆ ಬರೆದವರೂ ಅವರೇ.

"ನನ್ನ ಅಜ್ಜಿ ಹಾಡುತ್ತಿದ್ದದ್ದು!" ಎಂದರು ಇವರು. ದಮ್ಮಾಮ್‌ನ ಕೋಣೆಯಲ್ಲಿ ಎಂಟು ಮಂದಿ ಮಲಗುತ್ತಿದ್ದರಂತೆ. ನಿದ್ದೆ ಬಾರದ ರಾತ್ರಿ ಅಜ್ಜಿಯ ಆ ರಾಗ ಮನಸ್ಸಿನಲ್ಲಿ ಗುನುಗಿಕೊಳ್ಳುತ್ತಿದ್ದರಂತೆ. ಇಷ್ಟು ವರ್ಷಗಳಲ್ಲಿ ಈ ಸಂಗತಿ ನನಗೆ ತಿಳಿದಿರಲಿಲ್ಲ.

ಅಸರ್‌ಗೆ ಇವರು ಮಸೀದಿಯೊಳಗೆ ಹೋದರು, ನಾನು ಕೆರೆಯ ಕಟ್ಟೆಯಲ್ಲಿ ಕುಳಿತೆ. ಹೊರಗೆ ಬಂದವರೇ ಪಕ್ಕದಲ್ಲಿ ಕುಳಿತು, ಒಳಗಿನದನ್ನೆಲ್ಲ ವಿವರಿಸಿದರು. ಕೆತ್ತನೆಯ ಕಂಬಗಳು, ಮರದ ಮಿಂಬರ್, ಕಾಲಿಗೆ ತಂಪಾಗುವ ನೆಲ. ಬಾಗಿಲುಗಳನ್ನು ಎಣಿಸಲು ಹೊರಟು ಎರಡು ಸಲ ಲೆಕ್ಕ ತಪ್ಪಿತಂತೆ. "ನಿನಗೆ ಹೇಳಬೇಕು ಅಂತ ಎಣಿಸಿದೆ" ಎಂದರು. ನನಗೆ ಮಸೀದಿಯ ಒಳಗನ್ನು ನೋಡಿದಷ್ಟೇ ಸಂತೋಷವಾಯಿತು.

ಕೆರೆಯ ಸುತ್ತಮುತ್ತ ಕೋಯಾಗಳ ದೊಡ್ಡ ತರವಾಡು ಮನೆಗಳಿವೆ. ಅಲ್ಲಿ ಮದುವೆಯಾದ ಹೆಣ್ಣು ತವರು ಬಿಟ್ಟು ಹೋಗುವುದಿಲ್ಲ. ಗಂಡನೇ ಹೆಂಡತಿಯ ಮನೆಗೆ ಬರುತ್ತಾನೆ. ಅವನಿಗಾಗಿ ಅಲಂಕರಿಸಿದ ಕೋಣೆ ಇರುತ್ತದೆ, ತಿಂಡಿ ತಿನಿಸಿನ ಸತ್ಕಾರ ಇರುತ್ತದೆ. ಅವನು 'ಪುದಿಯಾಪ್ಲ', ಹೊಸ ಮದುಮಗ. ನಮ್ಮ ಬ್ಯಾರಿ ಭಾಷೆಯಲ್ಲೂ ಇದೇ ಪದ ಇದೆಯಲ್ಲ. ಕೆರೆಯ ಕಟ್ಟೆಯಲ್ಲಿ ಕುಳಿತಿದ್ದ ಒಬ್ಬ ಅಜ್ಜ ನಗುತ್ತಾ, ಇಲ್ಲಿ ತಲೆ ನರೆತು ಮೊಮ್ಮಕ್ಕಳಾದರೂ ನಾವು ಪುದಿಯಾಪ್ಲಗಳೇ ಎಂದರು.

ನಾನು ನಕ್ಕೆ. ಇವರು ನಗಲಿಲ್ಲ.

ಅಂದು ಸಂಜೆ ಕಡಲ ತೀರಕ್ಕೆ ಹೋದೆವು. ಹಳೆಯ ಕಡಲ ಸೇತುವೆಯ ತುಕ್ಕು ಹಿಡಿದ ಕಂಬಗಳು ನೀರಿನಲ್ಲಿ ನಿಂತಿದ್ದವು. ಒಂದು ಕಾಲದಲ್ಲಿ ಅದರ ಮೇಲೆ ಹಡಗುಗಳ ಸರಕು ಸಾಗುತ್ತಿತ್ತು. ಗಾಡಿಯಲ್ಲಿ ಉಪ್ಪುನೀರಿನಲ್ಲಿ ಹಾಕಿದ ನೆಲ್ಲಿಕಾಯಿ ಕೊಂಡು, ಕಾಗದದ ಲೋಟದಲ್ಲಿ ಸುಲೈಮಾನಿ ಹಿಡಿದು ಮರಳಲ್ಲಿ ಕುಳಿತೆವು. ಬಹಳ ಹೊತ್ತಿನ ಬಳಿಕ ಇವರು ಹೇಳಿದರು:

"ಆ ಅಜ್ಜ ಹೇಳಿದ್ದು ನನಗೇ ಹೇಳಿದ ಹಾಗಾಯಿತು. ರಜೆಯಲ್ಲಿ ಬಂದಾಗ ನೀನು ಕೋಳಿ, ಪತ್ತಿರ್ ಮಾಡಿ ಬಡಿಸುತ್ತಿದ್ದೆ. ಎರಡು ತಿಂಗಳ ನೆಂಟ. ಈಗ ಬಂದು ನಾಲ್ಕು ವರ್ಷ ಆಯಿತು. ಈಗಲೂ ನೆಂಟನೇ. ನನ್ನ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ನನಗೆ ಗೊತ್ತಿಲ್ಲ. ಮಗನನ್ನು ಯಾವ ಕಾಲೇಜಿಗೆ ಸೇರಿಸಿದ್ದು ಎಂದು ನನಗೆ ಗೊತ್ತಾದದ್ದು ಅಂಗಡಿಗೆ ಬಂದ ನೆರೆಯವನಿಂದ."

ನನ್ನಲ್ಲಿ ಉತ್ತರವಿರಲಿಲ್ಲ. ಅದು ನಿಜವಾಗಿತ್ತು. ಮನೆಯ ಮಾಡು ಸೋರಿದಾಗ, ಮಗುವಿಗೆ ಜ್ವರ ಬಂದಾಗ, ಉಮ್ಮ ತೀರಿಕೊಂಡಾಗ ನಾನೊಬ್ಬಳೇ ನಿರ್ಧರಿಸಿದ್ದೆ. ಆಗ ಬೇರೆ ದಾರಿ ಇರಲಿಲ್ಲ. ಆದರೆ ಇವರು ಬಂದ ಮೇಲೂ ನಾನು ಅದೇ ಅಭ್ಯಾಸ ಮುಂದುವರಿಸಿದ್ದೆ. ಒಬ್ಬನೇ ನಡೆಯುವ ಅಭ್ಯಾಸ ಅವರೊಬ್ಬರದ್ದು ಮಾತ್ರವೇ? ಮಿಠಾಯಿ ಬೀದಿಯಲ್ಲಿ ಅವರು ನನ್ನನ್ನು ಹಿಂದೆ ಬಿಟ್ಟು ಹೋದದ್ದು ಇಪ್ಪತ್ತು ನಿಮಿಷ. ಮನೆಯೊಳಗೆ ನಾನು ಅವರನ್ನು ಹಿಂದೆ ಬಿಟ್ಟು ನಡೆದದ್ದು ನಾಲ್ಕು ವರ್ಷ. "ನನ್ನಿಂದ ತಪ್ಪಾಯಿತು" ಎಂದೆ. ಆ ಮಾತು ಹೇಳಲು ನನಗೆ ಬಹಳ ಕಷ್ಟವಾಯಿತು. ಹೇಳಿದ ಮೇಲೆ ಹಗುರವಾಯಿತು.

ಮೂರನೆಯ ದಿನ ಬೆಳಿಗ್ಗೆ ಅದೇ ತೀರದಲ್ಲಿ ನಡೆಯುವಾಗ ಹ. ಆಯಿಶಾ(ರ)ರ ಓಟದ ಘಟನೆ ನೆನಪಾಗಿ ಇವರಿಗೆ ಹೇಳಿದೆ. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಜೊತೆಗಿದ್ದವರನ್ನು ಮುಂದೆ ಕಳುಹಿಸಿ ಪತ್ನಿಯೊಡನೆ ಓಟದ ಸ್ಪರ್ಧೆ ಮಾಡಿದರು. ಆಯಿಶಾ(ರ) ಗೆದ್ದರು. ವರ್ಷಗಳ ಬಳಿಕ ಇನ್ನೊಂದು ಪ್ರಯಾಣದಲ್ಲಿ ಮತ್ತೆ ಓಡಿದಾಗ, ಮೈ ತುಂಬಿಕೊಂಡಿದ್ದ ಆಯಿಶಾ(ರ) ಸೋತರು. ಇದು ಅಂದಿನದಕ್ಕೆ ಎಂದು ಪ್ರವಾದಿವರ್ಯರು(ಸ) ನಕ್ಕರು. ಸಮುದಾಯದ ಅಷ್ಟು ದೊಡ್ಡ ಹೊಣೆ ಹೊತ್ತವರು ಹೆಂಡತಿಯೊಡನೆ ಓಡಲು ಸಮಯ ಇಟ್ಟುಕೊಂಡಿದ್ದರು, ಅನೇಕ ವರ್ಷಗಳ ಹಿಂದಿನ ಒಂದು ಓಟವನ್ನು ನೆನಪಿನಲ್ಲಿಟ್ಟಿದ್ದರು. ಇದನ್ನೂ ನಾನು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ನನಗೆ ಕಲಿಸಿಕೊಂಡಿರಲಿಲ್ಲ. "ನಿನ್ನ ಮಂಡಿಗೆ ಓಟ ಬೇಡ, ನಡಿಗೆ ಸಾಕು" ಎಂದರು ಇವರು.

ಸಹೋದರಿಯರೇ, ಮೂರು ದಿನದ ತಿರುಗಾಟದಿಂದ ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಊರಿಗೆ ಬಂದ ವಾರದಲ್ಲೇ ಗ್ಯಾಸ್ ಸಿಲಿಂಡರಿನ ವಿಷಯಕ್ಕೆ ಜಗಳವಾಡಿದ್ದೇವೆ. ಆದರೆ ಮಗನ ಫೋನು ಬಂದರೆ ಈಗ ಸ್ಪೀಕರ್ ಹಾಕಿ ಇಬ್ಬರೂ ಮಾತನಾಡುತ್ತೇವೆ. ಉಪ್ಪಿನ ಡಬ್ಬ ಎಲ್ಲಿದೆ ಎಂದು ಇವರಿಗೆ ಗೊತ್ತಾಗಿದೆ. ಅದನ್ನು ತೆಗೆದ ಜಾಗದಲ್ಲೇ ಇಡುವುದು ಇನ್ನೂ ಗೊತ್ತಾಗಿಲ್ಲ. ಫಜ್ರ್ ನಮಾಝ್‌ನ ಬಳಿಕ ಇಬ್ಬರೂ ತೋಟದ ದಾರಿಯಲ್ಲಿ ನಡೆಯುತ್ತೇವೆ. ಇವರ ನಡಿಗೆ ಈಗಲೂ ಬಿರುಸೇ. ಆದರೆ ತಿರುವಿನಲ್ಲಿ ನಿಂತು ಹಿಂದೆ ತಿರುಗಿ ನೋಡುತ್ತಾರೆ.

ಗಲ್ಫ್‌ನಿಂದ ಗಂಡ ಮರಳಿದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟೋ ಇವೆ. ಪೆಟ್ಟಿಗೆ ಬಿಚ್ಚಿ ಜೋಡಿಸಲು ಒಂದು ದಿನ ಸಾಕು. ಮನುಷ್ಯ ಮನೆಯವನಾಗಲು ಕಾಲ ಬೇಕು, ಜಾಗವೂ ಬೇಕು. ಕಲ್ಲಿಕೋಟೆಗೇ ಹೋಗಬೇಕೆಂದಿಲ್ಲ. ಹತ್ತಿರದ ಕಡಲ ತೀರದವರೆಗೆ, ಅದೂ ಆಗದಿದ್ದರೆ ಬೀದಿಯ ಕೊನೆಯವರೆಗೆ ಇಬ್ಬರೇ ನಡೆದು ನೋಡಿ. ಯಾರಾದರೂ ಹನಿಮೂನಾ ಎಂದು ಕೇಳಿದರೆ ನನ್ನ ಹಾಗೆ ಸುಳ್ಳು ಹೇಳಬೇಡಿ, ಹೌದು ಎಂದುಬಿಡಿ.

ಈ ವರ್ಷ ಆ ಪಾಠ ಮತ್ತೆ ಬಂದಾಗ, ಈಗ ಆರನೆಯ ತರಗತಿಯಲ್ಲಿರುವ ಆ ಹುಡುಗಿಯನ್ನು ಕರೆದು ಉತ್ತರ ಹೇಳಬೇಕೆಂದಿದ್ದೇನೆ. ಇನ್‌ಶಾ ಅಲ್ಲಾಹ್.