ಹಣ್ಣಿನ ಯಂತ್ರದ ನರಳಾಟ

“ಹಣ್ಣಿನ ಯಂತ್ರ” ಎಂಬ ಹೆಸರನ್ನು ಮೊದಲು ಕೇಳಿದಾಗ ಅದು ರಸ ಹಿಂಡುವ ಸಾಧನವೆಂದೇ ನಾನು ತಿಳಿದೆನು. ೨೦೨೩ನೆಯ ಇಸವಿಯ ಬೇಸಗೆಯಲ್ಲಿ, ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮರುವರ್ಷ, ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನ ಪತ್ನಿಯೂ ಇಂಗ್ಲೆಂಡಿಗೆ ಹೊರಟೆವು. ಹೊರಡುವ ಮುನ್ನವೇ ಮಗಳು ದೂರವಾಣಿಯಲ್ಲಿ, “ಅಪ್ಪ, ನಿಮ್ಮ ಅಳಿಯಂದಿರು ಒಂದು ಹಣ್ಣಿನ ಯಂತ್ರ ತಂದಿಟ್ಟಿದ್ದಾರೆ. ನೋಡಿ ಬೇಜಾರು ಮಾಡಿಕೊಳ್ಳಬೇಡಿ” ಎಂದಿದ್ದಳು. ರಸ ಹಿಂಡುವ ಯಂತ್ರಕ್ಕೆ ಬೇಜಾರೇಕೆ ಎಂದು ನಾನು ವಿಸ್ಮಯಪಟ್ಟೆನು.

ಅಲ್ಲಿ ಹೋಗಿ ನೋಡಲಾಗಿ, ಹಿಂಬದಿಯ ಕೋಣೆಯಲ್ಲಿ ನನಗಿಂತ ಎತ್ತರವಾದ ಮರದ ಬೀರುವೊಂದು ನಿಂತಿತ್ತು. ಮುಂಭಾಗದ ಗಾಜಿನ ಮೇಲೆ ಚೆರ್ರಿ, ನಿಂಬೆ, ದ್ರಾಕ್ಷಿ, ಕಲ್ಲಂಗಡಿಗಳ ಚಿತ್ರ. ನಡುವೆ ಮೂರು ಉರುಳೆಗಳು. ನಾಣ್ಯ ಹಾಕಿ ಗುಂಡಿ ಒತ್ತಿದರೆ ಉರುಳೆಗಳು ತಿರುಗಿ ನಿಲ್ಲುತ್ತವೆ. ಮೂರರಲ್ಲಿಯೂ ಒಂದೇ ಹಣ್ಣು ಸಾಲಾಗಿ ಬಂದರೆ ಕೆಳಗಿನ ತಟ್ಟೆಗೆ ನಾಣ್ಯಗಳು ಬೀಳುತ್ತವೆ, ಬಾರದಿದ್ದರೆ ಹಾಕಿದ್ದು ಹೋಯಿತು. ಇದು ಜೂಜಿನ ಯಂತ್ರವಲ್ಲದೆ ಬೇರೇನು? ಆ ದೇಶದಲ್ಲಿ ೧೯೬೦ರ ಶಾಸನವು ಅನುಮತಿ ಕೊಟ್ಟ ಬಳಿಕ ಇಂಥವು ಪಾನಗೃಹಗಳಲ್ಲಿ ಬಹುವಾಗಿ ಹಬ್ಬಿದವು. ಬಾಗಿಲು ಹಾಕಿಕೊಂಡ ಒಂದು ಪಾನಗೃಹದಿಂದ ಹೊರಬಿದ್ದ ಈ ಹಳೆಯ ಯಂತ್ರವನ್ನು ನಮ್ಮ ಅಳಿಯಂದಿರು ಅಲ್ಪ ಬೆಲೆಗೆ ಕೊಂಡು ತಂದಿದ್ದರು. ಗಣಕಯಂತ್ರದ ಉದ್ಯೋಗಿಗಳಾದ ಅವರಿಗೆ ಹಳೆಯ ಯಂತ್ರಗಳನ್ನು ಬಿಚ್ಚಿ ಕಟ್ಟುವುದೊಂದು ಹುಚ್ಚು.

ಇದರ ಪೂರ್ವಜನನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕಟ್ಟಿದವನು ಬವೇರಿಯದಿಂದ ವಲಸೆ ಹೋದ ಚಾರ್ಲ್ಸ್ ಫೇ ಎಂಬಾತ. ಅವನ ಯಂತ್ರದಲ್ಲಿ ಹಣ್ಣುಗಳಿರಲಿಲ್ಲ. ಇಸ್ಪೀಟಿನ ಗುರುತುಗಳೂ ಕುದುರೆಯ ಲಾಳವೂ ಗಂಟೆಯೂ ಇದ್ದವು. ಹಣ ಕೊಡುವ ಯಂತ್ರಗಳನ್ನು ಕಾನೂನು ತಡೆದಾಗ ಮುಂದಿನವರು ಹಣದ ಬದಲಿಗೆ ಹಣ್ಣಿನ ರುಚಿಯ ಅಗಿಯುವ ಅಂಟನ್ನು ಬಹುಮಾನವಾಗಿ ಕೊಡುವ ಉಪಾಯ ಹೂಡಿದರು. ಅಂಟು ಹೋಯಿತು, ಹಣ್ಣುಗಳು ಉಳಿದವು. ಜೂಜಿಗೂ ಹಣ್ಣಿಗೂ ನಂಟು ನಮ್ಮಲ್ಲಿ ಇನ್ನೂ ಹಳೆಯದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನು ತನ್ನ ಗತಿಗೆ ಮರುಗುವ ಸೂಕ್ತವುಂಟು. ಅವನು ಆಡಿದ ದಾಳಗಳು ವಿಭೀತಕದ, ಎಂದರೆ ನಮ್ಮ ತಾರೆಮರದ, ಕಾಯಿಗಳೇ.

ಆ ಸೂಕ್ತವನ್ನು ನಾನು ಅನೇಕರಿಗೆ ಪಾಠ ಹೇಳಿದ್ದೇನೆ. ಆದರೆ ಅದರ ಅರ್ಥವನ್ನು ನಾನು ಕಲಿತದ್ದು ನಮ್ಮ ಮನೆಯ ಜಗಲಿಯಲ್ಲಿ. ನನ್ನ ಚಿಕ್ಕಪ್ಪ ದೀಪಾವಳಿಗೆಂದು ಆರಂಭಿಸಿದ ಇಸ್ಪೀಟು ಸಂಕ್ರಾಂತಿಗೂ ನಿಲ್ಲಲಿಲ್ಲ, ಯುಗಾದಿಗೂ ನಿಲ್ಲಲಿಲ್ಲ. ಕೆರೆಯ ಕೆಳಗಿನ ಎರಡು ಎಕರೆ ಗದ್ದೆ ಹೋಯಿತು. ಅಜ್ಜಿಯ ಬೆಳ್ಳಿಯ ತಟ್ಟೆ ಹೋಯಿತು. ರಾತ್ರಿ ಮಲಗಿದಲ್ಲಿಗೆ ಎಲೆಗಳನ್ನು ಕಲಸುವ ಸರಸರ ಸದ್ದು ಕೇಳಿಬರುತ್ತಿತ್ತು. ಈಗಲೂ ಎಲ್ಲಿಯಾದರೂ ಆ ಸದ್ದು ಕಿವಿಗೆ ಬಿದ್ದರೆ ನನಗೆ ಊಟ ಸೇರದು.

ಹೀಗಿರಲು, ಮಗಳ ಮನೆಯಲ್ಲಿ ಜೂಜಿನ ಯಂತ್ರ! ಮಗನಾಗಿದ್ದರೆ ಎರಡು ಮಾತು ಆಡಿ ಹಗುರಾಗಬಹುದಾಗಿತ್ತು. ಅಳಿಯಂದಿರಿಗೆ ಏನು ಹೇಳುವುದು? ಮನೆಯ ಬಾಗಿಲಲ್ಲಿ ಕಾಲಿಗೆ ನಮಸ್ಕರಿಸಿ, ನನ್ನ ಪೆಟ್ಟಿಗೆಯನ್ನು ತಾವೇ ಹೊತ್ತು ಮಹಡಿಗೆ ಸಾಗಿಸಿದವರು. ನಾನು ಮೌನವಾಗಿದ್ದೆನು.

ಆದರೆ ಯಂತ್ರವು ಮೌನವಾಗಿರಲಿಲ್ಲ. ವಿದ್ಯುಚ್ಛಕ್ತಿ ಕೊಟ್ಟೊಡನೆ ಅದು ಗೊಣಗಲಾರಂಭಿಸುತ್ತಿತ್ತು. ಮೂರನೆಯ ದಿನ ಅಳಿಯಂದಿರು ಸಂಕೋಚದಿಂದ, “ಮಾವ, ನೀವು ಶಾಲೆಯಲ್ಲಿ ಧ್ವನಿವರ್ಧಕ ನೋಡಿಕೊಳ್ಳುತ್ತಿದ್ದಿರಂತೆ. ಇದರ ಸದ್ದು ಎಲ್ಲಿಂದ ಅಂತ ನನಗೆ ಗೊತ್ತಾಗುತ್ತಿಲ್ಲ. ಸ್ವಲ್ಪ ಕೇಳಿ ಹೇಳುತ್ತೀರಾ?” ಎಂದರು. ಶಾಲೆಯ ಧ್ವನಿವರ್ಧಕವು ಇಪ್ಪತ್ತು ವರ್ಷ ನನ್ನ ಪಾರುಪತ್ಯದಲ್ಲಿದ್ದುದು ನಿಜ. ಸ್ವಾತಂತ್ರ್ಯ ದಿನದ ಭಾಷಣದ ನಡುವೆ ಅದು ಗುಂಯ್‌ಗುಟ್ಟಿದಾಗಲೆಲ್ಲ ಮುಖ್ಯೋಪಾಧ್ಯಾಯರ ದೃಷ್ಟಿ ನನ್ನ ಕಡೆಗೇ ತಿರುಗುತ್ತಿತ್ತು. ಯಂತ್ರದ ಮೇಲಿನ ತಿರಸ್ಕಾರಕ್ಕಿಂತ ಕುತೂಹಲವೇ ಬಲವಾಯಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಮೊದಲ ದಿನ ಏನನ್ನೂ ಬಿಚ್ಚಲಿಲ್ಲ, ಕೇಳಿದೆವು, ಅಷ್ಟೇ. ಒಂಬತ್ತು ವರ್ಷದ ಮೊಮ್ಮಗಳು ಪುಸ್ತಕ ಹಿಡಿದು ಲೇಖಕಿಯಾದಳು. ಒಂದನೆಯದು, ಎಡೆಬಿಡದ ಗುಂಯ್‌ಕಾರ. ಎರಡನೆಯದು, ಆಗೊಮ್ಮೆ ಈಗೊಮ್ಮೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಿಟಿಲ್. ಇವೆರಡನ್ನು ಬರೆದು ಮುಗಿಸಿ ಅವಳು, “ತಾತ, ಮೂರನೇದು ಸೊಳ್ಳೆ ಸದ್ದು” ಎಂದಳು. ನಾನೂ ಅಳಿಯಂದಿರೂ ಕಿವಿಗೊಟ್ಟು ಕೇಳಿದೆವು. ಸೊಳ್ಳೆಯೂ ಇಲ್ಲ, ಸದ್ದೂ ಇಲ್ಲ. ಮಗುವಿನ ಮನಸ್ಸು ನೋಯದಿರಲೆಂದು ಅದನ್ನೂ ಬರೆಯಗೊಟ್ಟೆನು.

ಗುಂಯ್‌ಕಾರವು ನನಗೆ ಹಳೆಯ ಪರಿಚಯದ್ದು. ನಮ್ಮ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರು ಹಾಡುವುದೂ ಇದೇ ಶ್ರುತಿಯಲ್ಲಿ. ಕಾರಣವಿಷ್ಟೇ: ನಮ್ಮಲ್ಲಿಯೂ ಇಂಗ್ಲೆಂಡಿನಲ್ಲಿಯೂ ವಿದ್ಯುತ್ ಪ್ರವಾಹವು ಸೆಕೆಂಡಿಗೆ ೫೦ ಆವರ್ತ ತಿರುಗುತ್ತದೆ, ಒಂದೊಂದು ಆವರ್ತದಲ್ಲಿ ಕಬ್ಬಿಣದ ಗರ್ಭವು ಎರಡು ಸಲ ಸೆಳೆತಕ್ಕೆ ಒಳಗಾಗಿ ಮಿಡಿಯುತ್ತದೆ, ಆದುದರಿಂದ ನಾದವು ಸೆಕೆಂಡಿಗೆ ೧೦೦ ಕಂಪನದ್ದು. ಅಮೆರಿಕದಲ್ಲಿ ಆವರ್ತಗಳು ೬೦, ನಾದ ೧೨೦. ನಮ್ಮದನ್ನು ಷಡ್ಜವೆಂದಿಟ್ಟುಕೊಂಡರೆ ಅವರದು ಸಾಧಾರಣ ಗಾಂಧಾರಕ್ಕೆ ಸರಿಯಾಗಿ ಕೂಡುತ್ತದೆ. ಇದನ್ನು ಹೇಳಿದಾಗ ಸಂಗೀತ ಬಲ್ಲ ನನ್ನ ಪತ್ನಿ ಅಡಿಗೆಮನೆಯಿಂದಲೇ ಎರಡು ಸ್ವರಗಳನ್ನೂ ಹಾಡಿ ತೋರಿಸಿದಳು.

ಶ್ರುತಿ ತಿಳಿದರೆ ಸಾಲದು, ಸ್ಥಾನ ತಿಳಿಯಬೇಕು. ವ್ಯಾಕರಣ ಓದಿದವರಿಗೆ ಅನ್ವಯವ್ಯತಿರೇಕವೆಂಬ ಕ್ರಮ ಗೊತ್ತು: ಒಂದು ಇದ್ದಾಗ ಇನ್ನೊಂದು ಇದ್ದು, ಅದು ಇಲ್ಲದಾಗ ಇದೂ ಇಲ್ಲವಾದರೆ ಎರಡಕ್ಕೂ ಸಂಬಂಧ. ಪದದಲ್ಲಿ ಯಾವ ಅರ್ಥ ಪ್ರಕೃತಿಯದು, ಯಾವುದು ಪ್ರತ್ಯಯದ್ದು ಎಂದು ಬೇರ್ಪಡಿಸುವುದು ಹೀಗೆಯೇ. ಯಂತ್ರಕ್ಕೂ ಇದನ್ನೇ ಹಚ್ಚಿದೆವು. ಒಂದೊಂದೇ ಅಂಗವನ್ನು ಕಳಚುವುದು, ಮತ್ತೆ ಕೇಳುವುದು. ಕಳಚುವ ಮೊದಲು ಪ್ಲಗ್ಗನ್ನು ಕಿತ್ತು ಅದನ್ನು ಮೊಮ್ಮಗಳ ಕೈಯಲ್ಲಿ ಕೊಟ್ಟು ಕೂರಿಸುತ್ತಿದ್ದೆವು. ಅವಳ ಕೈಯಲ್ಲಿರುವವರೆಗೆ ೨೩೦ ವೋಲ್ಟು ಯಾರ ಮೈಗೂ ಬಾರದು. ಪ್ಲಗ್ಗು ಕಿತ್ತ ಬಳಿಕವೂ ಕಂಡೆನ್ಸರುಗಳಲ್ಲಿ ಶಕ್ತಿ ಕೆಲಹೊತ್ತು ಉಳಿದಿರುವುದರಿಂದ ಕಾಫಿ ಕುಡಿಯುವಷ್ಟು ಕಾಲ ಕಾಯುತ್ತಿದ್ದೆವು. ಹೀಗಾಗಿ ಆ ವಾರ ಬಹಳ ಕಾಫಿ ಆಯಿತು.

ಸ್ಪೀಕರಿನ ತಂತಿಯನ್ನು ಬಿಡಿಸಿದಾಗ ಗುಂಯ್‌ಕಾರವು ಅರ್ಧಕ್ಕಿಳಿಯಿತು; ಪೂರಾ ನಿಲ್ಲಲಿಲ್ಲ. ಎಂದರೆ ಒಂದೆಂದು ತಿಳಿದದ್ದು ವಾಸ್ತವವಾಗಿ ಎರಡು. ಉಳಿದರ್ಧವನ್ನು ಹುಡುಕಲು ಮೊಮ್ಮಗಳ ಮರದ ಅಳತೆಪಟ್ಟಿಯ ಒಂದು ತುದಿಯನ್ನು ಪೆಟ್ಟಿಗೆಯ ಹೊರಮೈಗೂ ಇನ್ನೊಂದನ್ನು ಕಿವಿಯ ಬುಡದ ಎಲುಬಿಗೂ ಒತ್ತಿ, ವೈದ್ಯನು ಎದೆಯನ್ನು ಪರೀಕ್ಷಿಸುವಂತೆ ಅಂಗುಲ ಅಂಗುಲವಾಗಿ ಸರಿದೆನು. ಮೇಲಿನ ಬಾಗಿಲ ಬಲಮೂಲೆಯಲ್ಲಿ ನಾದವು ತಲೆಯೊಳಗೇ ಮೊಳಗಿತು. ತೆರೆದು ನೋಡಿದರೆ ಅಲ್ಲಿ ಗಾಜನ್ನು ಬೆಳಗುವ ಟ್ಯೂಬ್‌ಲೈಟಿನ ಚೋಕು. ಅದನ್ನು ಹಿಡಿದಿರಬೇಕಾದ ಎರಡು ಮೊಳೆಗಳಲ್ಲಿ ಒಂದು ಬಿದ್ದುಹೋಗಿತ್ತು, ಇನ್ನೊಂದು ಸಡಿಲ. ಚೋಕಿನ ಅಲ್ಪ ಕಂಪನವನ್ನು ಬಾಗಿಲ ಹಲಗೆಯು ತಂಬೂರಿಯ ಬುರುಡೆಯಂತೆ ಹಿಗ್ಗಿಸುತ್ತಿತ್ತು. ಎರಡು ತಿರುಪು ಮೊಳೆ, ಎರಡು ರಬ್ಬರು ವಾಷರು, ಕೆಲಸ ಮುಗಿಯಿತು. ಸ್ಪೀಕರಿನ ಪಾಲಿನದಕ್ಕೆ ಕಾರಣ ಮುದಿಯಾದ ಕಂಡೆನ್ಸರು. ಏರಿಳಿಯುವ ಪ್ರವಾಹವನ್ನು ಸಮತಟ್ಟು ಮಾಡುವುದು ಅದರ ಧರ್ಮ. ಒಳಗಿನ ದ್ರವ ಒಣಗಿ ಅದು ಸೋತರೆ ಅಲೆಗಳು ಹಾಗೆಯೇ ಸ್ಪೀಕರಿಗೆ ಹರಿಯುತ್ತವೆ. ತಲೆ ಉಬ್ಬಿಕೊಂಡಿದ್ದರಿಂದ ಗುರುತು ಸುಲಭವಾಯಿತು. ಅಷ್ಟೇ ಧಾರಣಶಕ್ತಿಯ, ವೋಲ್ಟಿನಲ್ಲಿ ಕಡಮೆಯಲ್ಲದ ಹೊಸದನ್ನು ತರಿಸಿ ಬಲ್ಲವರೊಬ್ಬರಿಂದ ಬೆಸುಗೆ ಹಾಕಿಸಿದೆವು.

ಚಿಟಿಲ್ ಎಂಬುದು ಮಾತ್ರ ಕೈಗೆ ಸಿಗಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬನೇ ಇದ್ದೆನು. ಯಾರೂ ಆಡದಿರುವಾಗ ಗಿರಾಕಿಯನ್ನು ಕರೆಯಲೆಂದು ಆ ಯಂತ್ರವು ತನ್ನ ದೀಪಗಳನ್ನೆಲ್ಲ ಒಮ್ಮೆಗೇ ಹೊತ್ತಿಸಿ ಕುಣಿಸುವುದುಂಟು. ಎಲ್ಲ ದೀಪವೂ ಹೊತ್ತಿದ ಕ್ಷಣಕ್ಕೇ ಚಿಟಿಲ್ ಎನ್ನುವುದನ್ನು ಗಮನಿಸಿದೆನು. ಮರುಕ್ಷಣ ಸುಟ್ಟ ಮೀನಿನಂತಹದೊಂದು ನಾತ ಬಂತು. ಹೊಗೆಯಿಂದ ಬೆಂಕಿಯನ್ನು ಊಹಿಸಬೇಕೆಂದು ತರ್ಕದ ಮೊದಲ ಪಾಠದಲ್ಲಿಯೇ ಹೇಳಿಕೊಡುತ್ತೇವೆ. ಹೊಗೆ ಕಾಣುವವರೆಗೆ ಕಾಯಬೇಕೆಂದು ಎಲ್ಲಿಯೂ ಹೇಳಿಲ್ಲ. ಓಡಿಹೋಗಿ ಪ್ಲಗ್ಗು ಕಿತ್ತೆನು.

ದೀಪಗಳಿಗೆ ಹೋಗುವ ತಂತಿಗಳ ಜೋಡಣೆಯೊಂದು ಕಂದುಬಣ್ಣಕ್ಕೆ ತಿರುಗಿ ಅದರ ಒಂದು ಕಡ್ಡಿ ಕರಿಕಾಗಿತ್ತು. ಅಲ್ಲಿರುವುದು ೧೨ ವೋಲ್ಟು ಮಾತ್ರ, ಮುಟ್ಟಿದರೂ ತಿಳಿಯದು. ಆದರೆ ಹತ್ತಾರು ಬಲ್ಬುಗಳ ಪ್ರವಾಹವೆಲ್ಲ ಒಂದೇ ಕಡ್ಡಿಯ ಮೂಲಕ ಹೋಗಬೇಕು. ಅದು ಸಡಿಲವಾದರೆ ತಡೆ ಹೆಚ್ಚಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಇನ್ನಷ್ಟು ಸಡಿಲ. ನಡುವಿನ ಸಂದಿಯಲ್ಲಿ ಕಿಡಿ ಹಾರುತ್ತದೆ. ಸುತ್ತಲೂ ಮೂವತ್ತು ವರ್ಷ ಒಣಗಿದ ಮರ. ಮಹಡಿಯ ಮೇಲೆ ಮಲಗುವವಳು ನನ್ನ ಮೊಮ್ಮಗಳು.

ಸಂಜೆ ಮಗಳು ಬಂದು ನೋಡಿ ಮುಖ ಸಪ್ಪಗೆ ಮಾಡಿದಳು. “ಅಪ್ಪ, ಇದು ಅಪಾಯ ಅಂತ ನೀವೊಂದು ಮಾತು ಹೇಳಿ ಸಾಕು, ನಾಳೆಯೇ ಸಾಗಹಾಕಿಸುತ್ತೇನೆ. ನಿಮ್ಮ ಮಾತಿಗೆ ಅವರು ಎದುರು ಹೇಳುವುದಿಲ್ಲ” ಎಂದಳು.

ವಾಚಕರೇ, ನಾನು ಬಂದ ದಿನದಿಂದ ಬಯಸಿದ್ದು ಇದನ್ನೇ ಅಲ್ಲವೆ? ಅಪಾಯವೆಂಬುದು ಸುಳ್ಳೂ ಅಲ್ಲ. ಆದರೆ ಕಾಲು ಗಂಟೆಯ ಕೆಲಸದಿಂದ ಅದು ಪರಿಹಾರವಾಗುವುದೆಂಬುದೂ ನನಗೆ ಗೊತ್ತಿತ್ತು. ಅರ್ಧವನ್ನು ಹೇಳಿ ಅರ್ಧವನ್ನು ನುಂಗಿದರೆ ಜೂಜಿನ ಯಂತ್ರ ಮಗಳ ಮನೆಯಿಂದ ತೊಲಗುತ್ತದೆ. “ನೋಡೋಣ” ಎಂದೆನು. ಅದೇ ಅರ್ಧ ನುಂಗಿದ ಮಾತಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಚಿಕ್ಕಪ್ಪನ ಜಗಲಿಯ ಸರಸರವೇ ಕೇಳಿಸಿತು. ಆದರೆ ಜೊತೆಗೇ, ವಾರವೆಲ್ಲ ನಾನು ಹೇಳಿದಲ್ಲಿ ಕಿವಿಯಿಟ್ಟು, ನಾನು ಹೇಳಿದ್ದನ್ನು ನಂಬಿದ ಅಳಿಯಂದಿರ ಮುಖವೂ ಕಾಣಿಸಿತು. ರೋಗವನ್ನು ಹೇಳೆಂದು ಕೇಳಿದವರಿಗೆ ನಾನು ನನ್ನ ಇಚ್ಛೆಯನ್ನು ಹೇಳಹೊರಟಿದ್ದೆನು.

ಬೆಳಗ್ಗೆ ಇಬ್ಬರನ್ನೂ ಕೂರಿಸಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿಯೇ ಹೇಳಿದೆನು. ಜೋಡಣೆಯನ್ನು ಕಡ್ಡಿ ಸಮೇತ ಹೊಸದು ಮಾಡಿ, ಬಲ್ಬುಗಳ ಬದಲು ಕಡಮೆ ಪ್ರವಾಹ ಎಳೆಯುವ ಎಲ್‌.ಇ.ಡಿ. ದೀಪಗಳನ್ನು ಹಾಕಿ, ಆಡದಿರುವಾಗ ಪ್ಲಗ್ಗು ಕಿತ್ತಿಟ್ಟರೆ ಭಯವಿಲ್ಲ, ಇದು ಒಂದು. ಇನ್ನೊಂದು, ನನ್ನ ಚಿಕ್ಕಪ್ಪನ ಕಥೆ. ಮಗಳಿಗೂ ನಾನು ಅದುವರೆಗೆ ಅದನ್ನು ಹೇಳಿರಲಿಲ್ಲ.

ಅಳಿಯಂದಿರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ನನ್ನನ್ನು ಕರೆದುಕೊಂಡು ಹೋಗಿ ಗಾಜಿನ ಮೇಲಿನ ಸಣ್ಣ ಅಕ್ಷರಗಳನ್ನು ತೋರಿಸಿದರು. ಹಿಂದಿನ ಆಟಗಳ ಫಲವು ಮುಂದಿನದನ್ನು ಪ್ರಭಾವಿಸಬಹುದೆಂದು ಯಂತ್ರವೇ ಬರೆದುಕೊಂಡಿತ್ತು. “ಮಾವ, ನೂರಕ್ಕೆ ಎಪ್ಪತ್ತೆಂಟು ಹಿಂದಿರುಗಿಸು ಎಂದು ಇಟ್ಟರೆ ಇದು ಲೆಕ್ಕವಿಟ್ಟು ಅಷ್ಟೇ ಹಿಂದಿರುಗಿಸುತ್ತದೆ. ಉಳಿದ ಇಪ್ಪತ್ತೆರಡು ಯಂತ್ರದ ಯಜಮಾನನಿಗೆ. ಇಲ್ಲಿ ಯಜಮಾನನೂ ನಾನೇ, ಸೋಲುವವನೂ ನಾನೇ” ಎಂದು, ಹತ್ತು ಪೆನ್ಸಿನ ನಾಣ್ಯಗಳ ಹಳೆಯ ಬಿಸ್ಕತ್ತು ಡಬ್ಬಿಯನ್ನು ಅಲ್ಲಾಡಿಸಿದರು. ಅದೇ ನಾಣ್ಯಗಳು ಒಳಗೆ ಹೋಗಿ ಹೊರಗೆ ಬರುತ್ತಿರುತ್ತವೆ. ಮನೆಯಿಂದ ಒಂದು ಕಾಸೂ ಹೊರಗೆ ಹೋಗದು. ವಾದವು ನಿರ್ದುಷ್ಟವಾಗಿದೆ; ನನ್ನ ಮನಸ್ಸು ಪೂರಾ ಒಪ್ಪಿತೆಂದು ಹೇಳಲಾರೆ. ಅಂದಿನಿಂದ ಅದರ ಬೀಗದ ಕೈ ಮಗಳ ಬಳಿಯಲ್ಲಿರುವಂತೆ ಅಳಿಯಂದಿರೇ ಏರ್ಪಡಿಸಿದರು.

ಉಳಿದದ್ದು ಸೊಳ್ಳೆ. ಹೊರಡುವ ಹಿಂದಿನ ವಾರ ಮೊಮ್ಮಗಳು ಪುಸ್ತಕ ತೆರೆದು, “ಮೂರನೇದಕ್ಕೆ ಯಾರೂ ಏನೂ ಮಾಡಲಿಲ್ಲ” ಎಂದಳು. ಆಗ ಅಳಿಯಂದಿರಿಗೆ ಹೊಳೆಯಿತು: ೫ ವೋಲ್ಟಿನ ಭಾಗಕ್ಕೆ ತಾವು ಅಗ್ಗದ ಹೊಸ ಮಾದರಿಯ ಸಣ್ಣ ಪೆಟ್ಟಿಗೆಯೊಂದನ್ನು ಹಾಕಿದ್ದುಂಟು, ಅಂಥವು ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತವೆ. ಪರೀಕ್ಷೆ ಏರ್ಪಟ್ಟಿತು. ಆ ಪೆಟ್ಟಿಗೆಯೊಂದನ್ನೇ ಹೊರತೆಗೆದು ಮೇಜಿನ ಮೇಲಿಟ್ಟು, ಅವಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ನಾನು ಸದ್ದಾಗದಂತೆ ಸ್ವಿಚ್ಚನ್ನು ಮನಸ್ಸಿಗೆ ಬಂದಂತೆ ಹಾಕಿ ತೆಗೆದೆನು. “ಇದೆ.” “ಇಲ್ಲ.” “ಇಲ್ಲ.” “ಇದೆ.” ಹತ್ತಕ್ಕೆ ಹತ್ತೂ ಸರಿ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಅತಿ ತಾರದ ಸ್ವರಗಳನ್ನೇ ಎಂದು ನಾನು ಓದಿದ್ದೆನು. ಕಳೆದುಕೊಂಡವರ ಸಾಲಿನಲ್ಲಿ ನಾನಿರುವೆನೆಂದು ಎಣಿಸಿರಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ “ಸರಿಯಾಗಿ ಕೇಳಿಸಿಕೊಳ್ಳಿ” ಎಂದು ಗದರಿದವನು ನಾನು.

ಬೇರೊಂದು ಪೆಟ್ಟಿಗೆ ಬಂದ ಸಂಜೆ ಅವಳು ಯಂತ್ರಕ್ಕೆ ಕೆನ್ನೆಯಾನಿಸಿ ಕೇಳಿ, “ಈಗ ಇಲ್ಲ ತಾತ” ಎಂದಳು. ನನ್ನ ಪಾಲಿಗೆ ಅದು ಮೊದಲೂ ಇರಲಿಲ್ಲ. ಅವಳು ನೀಡಿದ ಪುಸ್ತಕವನ್ನು ತೆಗೆದುಕೊಂಡು, ಮೂರನೆಯ ಸಾಲಿನ ಎದುರಿಗೆ ಅವಳ ಮಾತನ್ನೇ ಪ್ರಮಾಣವಾಗಿಟ್ಟುಕೊಂಡು “ನಿವಾರಣೆಯಾಯಿತು” ಎಂದು ಬರೆದು ರುಜು ಹಾಕಿದೆನು.