ಐದು ಹೆಸರುಗಳ ಪಿಸುಮಾತು

ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿ 1985ರಲ್ಲಿ ಪ್ರಕಟವಾಯಿತು. ಸ್ತ್ರೀಯರ ಓದು, ಉದ್ಯೋಗ, ಆಸ್ತಿ, ಕೊನೆಗೆ ಹೆಸರನ್ನೂ ಕಸಿದುಕೊಂಡ ರಾಜ್ಯವೊಂದರ ಕಥೆ ಅದು. ಸೊಲ್ಲಾಪುರದ ನಮ್ಮ ಸಂಘದ ಓದುಗ ಬಳಗದ ಹೆಣ್ಣುಮಕ್ಕಳು ಈ ಕೃತಿಯನ್ನು ಕೈಗೆತ್ತಿಕೊಂಡಾಗ ಮೊದಲ ಅಧ್ಯಾಯದಲ್ಲಿಯೇ ನಮ್ಮಲ್ಲಿ ಎರಡು ಮತಗಳು ಹುಟ್ಟಿದವು. ಇಂತಹ ಘೋರ ಕಥೆಗೆ ಇಷ್ಟು ತಣ್ಣನೆಯ ಆರಂಭವೇ ಎಂದು ಕೆಲವರು ಕೇಳಿದರು. ಆ ತಣ್ಣಗಿನ ದನಿಯೇ ಕಾದಂಬರಿಯ ಬಲವೆಂದು ಉಳಿದವರು ವಾದಿಸಿದರು. ಆ ಚರ್ಚೆಯ ಸಾರವನ್ನು ಇಲ್ಲಿ ದಾಖಲಿಸುತ್ತಿದ್ದೇವೆ.

ಕೃತಿಯನ್ನು ಓದದವರಿಗಾಗಿ ಎರಡು ಮಾತು. ಅಮೆರಿಕ ಸಂಯುಕ್ತ ಸಂಸ್ಥಾನದ ಸರಕಾರವನ್ನು ಉರುಳಿಸಿ ಧರ್ಮದ ಹೆಸರಿನಲ್ಲಿ ಆಳುವ ಗುಂಪೊಂದು ‘ಗಿಲಿಯಡ್’ ಎಂಬ ರಾಜ್ಯವನ್ನು ಸ್ಥಾಪಿಸಿದೆ. ಜನನ ಪ್ರಮಾಣ ಕುಸಿದಿರುವುದರಿಂದ, ಹೆರಬಲ್ಲ ಹೆಂಗಸರನ್ನು ಹಿಡಿದು ತರಬೇತಿ ನೀಡಿ ಉನ್ನತ ಅಧಿಕಾರಿಗಳ ಮನೆಗಳಿಗೆ ಹಂಚಲಾಗುತ್ತದೆ. ಹಳೆಯ ಒಡಂಬಡಿಕೆಯ ಆದಿಕಾಂಡದಲ್ಲಿ ಮಕ್ಕಳಿಲ್ಲದ ರಾಹೇಲಳು ತನ್ನ ದಾಸಿ ಬಿಲ್ಹಾಳನ್ನು ಗಂಡ ಯಾಕೋಬನಿಗೆ ಒಪ್ಪಿಸುವ ಪ್ರಸಂಗವೇ ಈ ವ್ಯವಸ್ಥೆಗೆ ಶಾಸ್ತ್ರಾಧಾರ.

ಮೊದಲ ಅಧ್ಯಾಯ ಇದಾವುದನ್ನೂ ವಿವರಿಸುವುದಿಲ್ಲ. ಕೆಲವೇ ಪುಟಗಳ ಆ ಅಧ್ಯಾಯ ‘ರಾತ್ರಿ’ ಎಂಬ ಶೀರ್ಷಿಕೆಯ ಭಾಗದಲ್ಲಿದೆ. ಹಿಂದೊಮ್ಮೆ ವ್ಯಾಯಾಮಶಾಲೆಯಾಗಿದ್ದ ಅಂಗಣ. ನೆಲದ ಮೇಲೆ ಆಟದ ಗೆರೆಗಳಿವೆ. ಬಾಸ್ಕೆಟ್‌ಬಾಲಿನ ಕಬ್ಬಿಣದ ಬಳೆಗಳು ಉಳಿದಿವೆ, ಬಲೆಗಳಿಲ್ಲ. ಸಾಲು ಮಂಚಗಳ ಮೇಲೆ ಹೆಂಗಸರು ಮಲಗಿದ್ದಾರೆ. ಅವರ ಹೊದಿಕೆಗಳ ಮೇಲೆ ಅಳಿದುಹೋದ ದೇಶದ ಹೆಸರಿನ ಎರಡು ಅಕ್ಷರಗಳು ಇನ್ನೂ ಇವೆ. ದೀಪಗಳನ್ನು ಮಂದ ಮಾಡಿದ್ದಾರೆ, ಪೂರ್ತಿ ಆರಿಸಿಲ್ಲ. ದನ ಅಟ್ಟುವ ವಿದ್ಯುತ್ ಕೋಲನ್ನು ಸೊಂಟಕ್ಕೆ ಕಟ್ಟಿಕೊಂಡ ಇಬ್ಬರು ಸ್ತ್ರೀಯರು ನಡುವೆ ಗಸ್ತು ತಿರುಗುತ್ತಾರೆ. ಮುಳ್ಳುತಂತಿಯ ಬೇಲಿಯ ಹೊರಗೆ ಬಂದೂಕು ಹಿಡಿದ ಗಂಡಸರು ಬೆನ್ನು ತಿರುಗಿಸಿ ನಿಂತಿದ್ದಾರೆ. ಮಲಗಿದವರು ಸದ್ದಿಲ್ಲದೆ ಪಿಸುಗುಟ್ಟುವುದನ್ನು, ತುಟಿಯ ಚಲನೆಯಿಂದಲೇ ಮಾತನ್ನು ಅರಿಯುವುದನ್ನು ಕಲಿತಿದ್ದಾರೆ. ಮಂಚದಿಂದ ಮಂಚಕ್ಕೆ ಅವರು ದಾಟಿಸುವುದು ತಮ್ಮ ಹೆಸರುಗಳನ್ನು: ಆಲ್ಮಾ, ಜನೀನ್, ಡೊಲೊರೆಸ್, ಮೊಯ್ರಾ, ಜೂನ್. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬಂದೂಕು ಮತ್ತು ಕೋಲುಗಳ ಈ ಹಂಚಿಕೆ. ಬಂದೂಕು ಗಂಡಸಿನದು, ಅದು ಹೊರಗಿದೆ. ಒಳಗಿನ ಶಿಸ್ತು ಹೆಂಗಸಿನ ಕೈಯಲ್ಲಿದೆ. ಆ ಕಾವಲುಗಾರ್ತಿಯರಿಗೆ ಕಾದಂಬರಿಯಲ್ಲಿ ‘ಆಂಟ್’ ಎಂಬ ಬಿರುದು. ಇದನ್ನು ಕನ್ನಡಕ್ಕೆ ತರುವವರು ಅತ್ತೆ ಎನ್ನಬೇಕೆ, ಚಿಕ್ಕಮ್ಮ ಎನ್ನಬೇಕೆ, ದೊಡ್ಡಮ್ಮ ಎನ್ನಬೇಕೆ? ಯಾವ ಪದವನ್ನು ಆರಿಸಿದರೂ ಅದು ಒಂದು ಮನೆಯೊಳಕ್ಕೆ ಕರೆದೊಯ್ಯುತ್ತದೆ. ಸೊಸೆ ಹೊಸ್ತಿಲು ದಾಟುವ ಹೊತ್ತನ್ನು, ನಗುವ ದನಿಯನ್ನು, ಊಟಕ್ಕೆ ಕೂರುವ ಸರದಿಯನ್ನು ಕಾಯ್ದವರು ಬಹುಮಟ್ಟಿಗೆ ಹಿರಿಯ ಹೆಂಗಸರೇ. ಕಟ್ಟಳೆ ಯಾರದೇ ಇರಲಿ, ಕಾವಲಿಗೆ ಬಂಧುತ್ವದ ಹೆಸರು. ಲೇಖಕಿ ಇದನ್ನು ವಾದವಾಗಿ ಮಂಡಿಸದೆ, ಇಬ್ಬರು ಹೆಂಗಸರನ್ನು ಮಂಚಗಳ ನಡುವೆ ನಡೆದಾಡಿಸಿ ಸುಮ್ಮನಾಗಿದ್ದಾರೆ. ಇದು ಆರಂಭದ ಮೊದಲ ಗೆಲುವು.

ಇನ್ನು ಆಕ್ಷೇಪಗಳು. ವ್ಯಾಯಾಮಶಾಲೆಯಲ್ಲಿ ಹಿಂದೆ ನಡೆದ ನೃತ್ಯಕೂಟಗಳ ಸಂಗೀತ, ಹುಡುಗಿಯರ ಉಡುಪು, ಬೆವರಿನ ವಾಸನೆ, ಏನೋ ಆಗಲಿದೆ ಎಂಬ ಯೌವನದ ನಿರೀಕ್ಷೆ ಇವೆಲ್ಲ ನಿರೂಪಕಿಯ ನೆನಪಿನಲ್ಲಿ ಸುಳಿಯುತ್ತವೆ. ಕಳೆದುಕೊಂಡದ್ದು ಎಷ್ಟು ಮಧುರವಾಗಿತ್ತೆಂದು ತೋರಿಸಿ ನಷ್ಟದ ಭಾರವನ್ನು ತೂಗಿಸುವ ಕ್ರಮವಿದು. ಆದರೆ ಆ ಮಾಧುರ್ಯ ಎಂದೂ ದಕ್ಕದ ಹೆಣ್ಣಿಗೆ ಈ ತಕ್ಕಡಿ ಏನನ್ನು ತೂಗುತ್ತದೆ? ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತ ತಾಯಂದಿರ ಮಕ್ಕಳು ನಮ್ಮ ಬಳಗದಲ್ಲಿದ್ದಾರೆ. ಸ್ವಾತಂತ್ರ್ಯ ಇದ್ದು ಹೋದದ್ದೊಂದು ದುಃಖ, ಬಾರದೆಯೇ ಉಳಿದದ್ದು ಇನ್ನೊಂದು ದುಃಖ. ಈ ಆರಂಭ ಮೊದಲನೆಯದನ್ನು ಮಾತ್ರ ಬಲ್ಲದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಮನುಷ್ಯ ಚರಿತ್ರೆಯಲ್ಲಿ ಎಲ್ಲಿಯೂ ನಡೆಯದಿರುವುದನ್ನು ಈ ಕಾದಂಬರಿಯಲ್ಲಿ ಸೇರಿಸಬಾರದೆಂಬ ನಿಯಮವನ್ನು ತಾವು ಹಾಕಿಕೊಂಡಿದ್ದಾಗಿ ಅಟ್‌ವುಡ್ ಹೇಳಿದ್ದಾರೆ. ಹಾಗಾದರೆ ಒಡೆಯನ ಹೆಸರನ್ನು ಹೊರುವುದು, ಓದು ಬರಹಕ್ಕೆ ನಿಷೇಧ, ಹೆತ್ತ ಕೂಸು ಪರರ ಪಾಲಾಗುವುದು ಇವೆಲ್ಲ ಅದೇ ಅಮೆರಿಕದ ನೆಲದಲ್ಲಿ ಯಾರಿಗೆ ನಡೆದಿದ್ದವು? ಗುಲಾಮಗಿರಿಯಲ್ಲಿದ್ದ ಕಪ್ಪು ವರ್ಣೀಯ ಹೆಂಗಸರಿಗೆ. ಗುಲಾಮರಿಗೆ ಅಕ್ಷರ ಕಲಿಸುವುದು 19ನೆಯ ಶತಮಾನದಲ್ಲಿ ದಕ್ಷಿಣದ ಹಲವು ಸಂಸ್ಥಾನಗಳಲ್ಲಿ ಅಪರಾಧವಾಗಿತ್ತು. ಅಂತಹ ಬದುಕಿನಿಂದ ಪಾರಾಗಿ ಬಂದ ಹ್ಯಾರಿಯೆಟ್ ಜೇಕಬ್ಸ್ ತಮ್ಮ ಆತ್ಮಕಥೆಯನ್ನು 1861ರಲ್ಲಿಯೇ ಪ್ರಕಟಿಸಿದ್ದರು. ಅಟ್‌ವುಡ್ ಅವರ ಕಾದಂಬರಿಯಲ್ಲಿ ಕಪ್ಪು ವರ್ಣೀಯರನ್ನು ದೂರಕ್ಕೆ ಸಾಗಿಸುವ ಸುದ್ದಿ ಮುಂದೆಲ್ಲೋ ಒಂದು ದೂರದರ್ಶನದ ವಾರ್ತೆಯಾಗಿ ಹಾದುಹೋಗುತ್ತದೆ. ಆರಂಭದ ಮಂಚಗಳ ಸಾಲಿನಲ್ಲಿ ಅವರ ನೆನಪೂ ಇಲ್ಲ. ಒಬ್ಬರ ಭೂತಕಾಲವನ್ನು ಮತ್ತೊಬ್ಬರ ಭವಿಷ್ಯವಾಗಿ ಚಿತ್ರಿಸುವಾಗ ಆ ಸಾಲವನ್ನು ಒಪ್ಪಿಕೊಳ್ಳಬೇಕಿತ್ತೆಂಬುದು ನಮ್ಮೆಲ್ಲರ ಒಮ್ಮತ.

ಆದರೆ ಆರಂಭ ತೀರ ತಣ್ಣಗಿದೆ ಎಂಬ ದೂರನ್ನು ಕಾದಂಬರಿಯ ಕೊನೆಯ ಪುಟಗಳು ತಳ್ಳಿಹಾಕುತ್ತವೆ. ಅಲ್ಲಿ 2195ನೆಯ ಇಸವಿಯ ವಿದ್ವತ್ ಗೋಷ್ಠಿಯೊಂದು ನಡೆಯುತ್ತದೆ. ನಾವು ಓದಿದ್ದು ಬರೆದ ಕಥನವಲ್ಲ, ಧ್ವನಿಸುರುಳಿಗಳಲ್ಲಿ ಅಡಗಿಸಿಟ್ಟ ಮಾತು ಎಂದು ಆಗ ತಿಳಿಯುತ್ತದೆ. ಲೇಖನಿ ಮುಟ್ಟುವಂತಿಲ್ಲದಿದ್ದ ಹೆಣ್ಣು ಗುಟ್ಟಾಗಿ ಆಡಿದ ಮಾತಿದು. ಇದನ್ನು ತಿಳಿದು ಮೊದಲ ಅಧ್ಯಾಯಕ್ಕೆ ಮರಳಿದರೆ ಅದರ ಮಿತಭಾಷೆ ಜಾಣ್ಮೆಯಾಗಿ ಕಾಣದು, ಅಭ್ಯಾಸವಾಗಿ ಕಾಣುತ್ತದೆ. ದನಿ ಏರಿಸಿದರೆ ಕೋಲಿನ ಏಟು ಎಂದು ಬಲ್ಲವಳು ಹೀಗೆಯೇ ಮಾತನಾಡುತ್ತಾಳೆ.

ಹೆಸರುಗಳ ವಿಚಾರಕ್ಕೆ ಬರೋಣ. ಮುಂದೆ ನಿರೂಪಕಿಯನ್ನು ‘ಆಫ್‌ಫ್ರೆಡ್’ ಎಂದು ಕರೆಯುತ್ತಾರೆ. ಫ್ರೆಡ್ ಎಂಬ ಅಧಿಕಾರಿಯವಳು ಎಂದರ್ಥ. ನಮ್ಮ ವ್ಯಾಕರಣದ ಷಷ್ಠೀ ವಿಭಕ್ತಿಯೊಂದೇ ಅವಳ ಪಾಲಿಗೆ ಉಳಿದ ಗುರುತು. ಅವಳು ಹೋದರೆ ಆ ಮನೆಗೆ ಬರುವ ಮುಂದಿನವಳಿಗೂ ಅದೇ ಹೆಸರು. ಅವಳ ನಿಜನಾಮವನ್ನು ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ. ಪಿಸುಗುಟ್ಟಿದ ಐದರಲ್ಲಿ ಕೊನೆಯದಾದ ಜೂನ್ ಅವಳದೇ ಇರಬೇಕೆಂದು ಓದುಗರು ಊಹಿಸಿದರು. ಅದು ತಮ್ಮ ಮೂಲ ಉದ್ದೇಶವಾಗಿರಲಿಲ್ಲ, ಆದರೆ ಓದುಗರು ಹಾಗೆ ತಿಳಿದರೆ ಅಡ್ಡಿಯಿಲ್ಲ ಎಂದು ಲೇಖಕಿ ಬಹುಕಾಲದ ನಂತರ ಬರೆದರು.

ಈ ಷಷ್ಠೀ ವಿಭಕ್ತಿ ನಮಗೆ ಅಪರಿಚಿತವಲ್ಲ. ವಚನ ಸಂಪುಟಗಳಲ್ಲಿ ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಇದ್ದಾರೆ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆಯೂ ಇದ್ದಾರೆ. ಅಲ್ಲಿ ಗಂಡನ ಹೆಸರಿನ ಪಕ್ಕದಲ್ಲಿ ಅವರ ಹೆಸರೂ ಉಳಿಯಿತು, ವಚನವೂ ಉಳಿಯಿತು. ನಮ್ಮ ಗಡಿಸೀಮೆಯ ಎಷ್ಟೋ ಮನೆತನಗಳ ಮದುವೆಗಳಲ್ಲಿ ತಾಟಿನಲ್ಲಿ ಅಕ್ಕಿ ಹರವಿ, ವರನು ಉಂಗುರದಿಂದ ವಧುವಿನ ಹೊಸ ಹೆಸರನ್ನು ಬರೆಯುವ ಪದ್ಧತಿ ಇದೆ. ಹೊಸ ಹೆಸರು ಪಡೆದವಳು ಗಂಡನ ಹೆಸರನ್ನು ನೇರವಾಗಿ ಹೇಳುವಂತಿರಲಿಲ್ಲ, ಒಡಪಿನಲ್ಲಿ ಹೆಣೆದು ಹೇಳಬೇಕಿತ್ತು. ಇದರಲ್ಲಿ ನಗು, ಸಡಗರ, ಪ್ರೀತಿ ಇದ್ದುದನ್ನು ನಾವು ಅಲ್ಲಗಳೆಯುವುದಿಲ್ಲ. ಇದನ್ನು ಗಿಲಿಯಡ್‌ಗೆ ಹೋಲಿಸುವುದು ಅನ್ಯಾಯವಾದೀತು. ಆದರೂ ಅಕ್ಕಿಯ ಮೇಲಿನ ಬರಹ ಎರಡು ಗಳಿಗೆಯಲ್ಲಿ ಕಲಸಿಹೋಗುತ್ತದೆ. ಅದರಿಂದ ಮರೆಯಾದ ತವರಿನ ಹೆಸರು ಮಾತ್ರ ಮರಳಿ ಬರುವುದಿಲ್ಲ.

ಚರ್ಚೆ ಮುಗಿದ ಮೇಲೆ ನಾವು ಒಂದು ವಹಿಯನ್ನು ಇಟ್ಟಿದ್ದೇವೆ. ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಲೆಮಾರಿನ ಹೆಣ್ಣುಮಕ್ಕಳ ತವರಿನ ಹೆಸರುಗಳನ್ನು ಅದರಲ್ಲಿ ಬರೆಯಬೇಕು. ತಾಯಂದಿರ ಹೆಸರುಗಳು ಒಂದೇ ದಿನದಲ್ಲಿ ತುಂಬಿದವು. ಅಜ್ಜಿಯರ ಹೆಸರುಗಳಿಗಾಗಿ ಅಕ್ಕಲಕೋಟೆ, ಇಂಡಿ, ಆಳಂದಗಳ ಬಂಧುಗಳಿಗೆ ದೂರವಾಣಿ ಮಾಡಬೇಕಾಯಿತು. ಮುತ್ತಜ್ಜಿಯರ ಪುಟದಲ್ಲಿ ಹೆಚ್ಚಿನ ಸಾಲುಗಳು ಇನ್ನೂ ಖಾಲಿ. ಈ ಸಂಚಿಕೆಯನ್ನು ಓದುವ ಹಿರಿಯರಲ್ಲಿ ನಮ್ಮದೊಂದು ವಿನಂತಿ: ನಿಮಗೆ ನೆನಪಿರುವ ಹೆಸರುಗಳನ್ನು ದಯವಿಟ್ಟು ಹೇಳಿ, ಬರೆದುಕೊಳ್ಳುತ್ತೇವೆ. ಪಿಸುಗುಟ್ಟಬೇಕಾಗಿಲ್ಲ, ಗಟ್ಟಿಯಾಗಿಯೇ ಹೇಳಬಹುದು.