ಬೆಳ್ಳಕ್ಕಿಯ ಸ್ವಾಧೀನ

ಬೇಲಿ ಒಂದು ಮೊಳ ಆಚೀಚೆಯಾದರೆ ದಾಯಾದಿಗಳು ಕೋರ್ಟಿನ ಮೆಟ್ಟಿಲು ಹತ್ತುವ ಸೀಮೆ ನಮ್ಮದು. ಗುಡ್ಡದ ನೆತ್ತಿಗೂ ಅಡಿಕೆ ಸಸಿ ಹತ್ತಿದೆ. ಅಂಥ ಮಲೆನಾಡಿನಲ್ಲಿ, ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯ ಪಕ್ಕದಲ್ಲೇ, ಒಂದೂಕಾಲು ಎಕರೆಯೂ ತುಂಬದ ಒಂದು ಜಾಗಕ್ಕೆ ಯಾರೂ ಬೇಲಿ ಹಾಕಿಲ್ಲ. ಮಂಡಗದ್ದೆಯಲ್ಲಿ ತುಂಗೆಯ ನಡುವೆ ಇರುವ ನಡುಗಡ್ಡೆ ಅದು. ಪಹಣಿಯಲ್ಲಿ ಏನೇ ಬರೆದಿರಲಿ, ಸ್ವಾಧೀನ ಮಾತ್ರ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳದ್ದು.

ಇವು ಗೂಡು ಕಟ್ಟುವುದು ಹೊಳೆ ಕೆಂಪಾಗಿ ಉಕ್ಕುವ ಕಾಲದಲ್ಲಿ. ಆಗುಂಬೆಯ ಕಡೆ ಮಳೆ ಹಿಡಿದು, ತೀರ್ಥಹಳ್ಳಿಯವರು ರಾಮಮಂಟಪ ಮುಳುಗಿತೇ ಎಂದು ವಿಚಾರಿಸುವ ಹೊತ್ತಿಗೆ ಇಲ್ಲಿ ಮರಗಳ ಸೊಂಟದವರೆಗೆ ನೀರು. ಹುಚ್ಚು ಹಕ್ಕಿಗಳು ಅನ್ನಿಸುತ್ತದೆ. ಆದರೆ ಹೊಳೆ ಇಳಿದಿದ್ದರೆ ಮಂಗವೂ ಬರುತ್ತಿತ್ತು, ಕಾಡುಬೆಕ್ಕೂ ಬರುತ್ತಿತ್ತು, ನಾವಂತೂ ಬಂದೇ ಬರುತ್ತಿದ್ದೆವು. ನೆರೆಯೇ ಇಲ್ಲಿ ಕಾವಲು. ಕೆಳಗಿನ ಕೊಂಬೆಯ ಒಂದೆರಡು ಗೂಡು ಕೊಚ್ಚಿಹೋದರೆ ಅದು ಕಾವಲಿಗೆ ಕೊಟ್ಟ ಕೂಲಿ. ಗದ್ದೆಗೆ ಹತ್ತುಮೀನು ಏರುವ, ಕಪ್ಪೆ ವಟಗುಟ್ಟುವ ಕಾಲವೂ ಇದೇ. ಮರಿಗಳ ಹೊಟ್ಟೆಗೆ ಕೊರತೆಯಿಲ್ಲ.

ದಾಯಾದಿ ಜಗಳ ಅಲ್ಲೂ ಇದೆ. ನೀರುಕಾಗೆಯೊಂದು ಆಚೀಚೆ ನೋಡಿ ಪಕ್ಕದ ಗೂಡಿನಿಂದ ಒಂದು ಕಡ್ಡಿ ಎಳೆಯಿತು, ತನ್ನ ಗೂಡಿಗೆ ಸಿಕ್ಕಿಸಿತು, ಇನ್ನೊಂದಕ್ಕೆ ಹೊರಡುವಷ್ಟರಲ್ಲಿ ಮೊದಲ ಕಡ್ಡಿಯನ್ನು ಬೇರೊಬ್ಬ ಎಳೆದಾಗಿತ್ತು. ಮೇಲಿನ ಕೊಂಬೆಯಲ್ಲಿ ಹಾವಕ್ಕಿ ಒದ್ದೆ ರೆಕ್ಕೆ ಬಿಡಿಸಿ ಕೂತಿತ್ತು. ಮುಳುಗಲು ಅನುಕೂಲವಾಗಲೆಂದು ಅದರ ಗರಿ ನೀರು ಹೀರುತ್ತದೆ; ಹಾಗಾಗಿ ಮಳೆಗಾಲದ ನಮ್ಮ ಬಟ್ಟೆಯಂತೆ ಅದಕ್ಕೂ ಒಣಗುವ ಯೋಗವಿಲ್ಲ. ಮರಿಗಳು ತಾಯಿಯ ಗಂಟಲೊಳಗೆ ತಲೆಯನ್ನೇ ತೂರಿಸಿ ಮೀನು ಕಕ್ಕಿಸಿಕೊಳ್ಳುತ್ತವೆ. ಹಿಕ್ಕೆಯೂ ಹಳಸಿದ ಮೀನೂ ಸೇರಿದ ವಾಸನೆ ದಡದವರೆಗೂ ಬರುತ್ತದೆ. ಫೋಟೋದಲ್ಲಿ ಅದು ಬರುವುದಿಲ್ಲ, ಅಷ್ಟೇ.

ಗೂಡಿನ ಕಾಲದಲ್ಲಿ ಬೆಳ್ಳಕ್ಕಿಯ ಬೆನ್ನಿಗೆ ಇಳಿಬೀಳುವ ಎಳೆಗರಿ ಒಮ್ಮೆ ಯುರೋಪಿನ ಹೆಂಗಸರ ಟೋಪಿಗೆ ಏರುತ್ತಿತ್ತು. ಮರಿಯಿದ್ದಾಗಲೇ ತಾಯಿಯನ್ನು ಕೊಲ್ಲಬೇಕು, ಆಗಲೇ ಗರಿ. 1902ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಿಂದ ಗರಿಯ ರಫ್ತು ನಿಷೇಧಿಸಿತು. ಕಳ್ಳಸಾಗಣೆ ಬಹಳ ಕಾಲ ನಿಲ್ಲಲಿಲ್ಲ.

ಸಾಗರ, ಹೊಸನಗರದವರಿಗೆ ನಡುಗಡ್ಡೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಮೇಲೆ ಶರಾವತಿ ಹಿನ್ನೀರಿನಲ್ಲಿ ಗುಡ್ಡದ ತುದಿಗಳೆಲ್ಲ ನಡುಗಡ್ಡೆಗಳೇ. ಅಲ್ಲಿ ನೀರು ಊರುಗಳನ್ನು ಎಬ್ಬಿಸಿತು. ಮಂಡಗದ್ದೆಯಲ್ಲಿ ನೀರು ಒಂದು ಊರನ್ನು ವರ್ಷ ವರ್ಷ ಕೂರಿಸುತ್ತದೆ. ಎರಡನ್ನೂ ಕಂಡವರಿಗೆ ಹೊಳೆಯನ್ನು ಬರೀ ಹೊಗಳುವುದೂ ಕಷ್ಟ, ಬೈಯುವುದೂ ಕಷ್ಟ.

ಕಾರಿಳಿದವರು ಕೇಳುವ ಮೊದಲ ಪ್ರಶ್ನೆ, ‘ಬೋಟ್ ಇಲ್ವಾ?’ ಕೆಲವರು ಹಕ್ಕಿ ಹಾರಲಿ ಎಂದು ಚಪ್ಪಾಳೆ ತಟ್ಟುತ್ತಾರೆ. ಆ ಕೈಗಳಿಗೆ ಬೇರೆ ಏನಾದರೂ ಕೆಲಸ ಕೊಡಬೇಕು. ದಡದಿಂದಲೇ ಎಲ್ಲ ಚೆನ್ನಾಗಿ ಕಾಣುತ್ತದೆ. ಒಂದು ಬೈನಾಕ್ಯುಲರ್ ಬೇಕು, ಅದನ್ನು ಹಿಡಿದವರ ತಲೆಯ ಮೇಲೆ ಕೊಡೆ ಹಿಡಿಯಲು ಇನ್ನೊಬ್ಬರು ಬೇಕು.